ಎಂಟನೇ ನಂಬರಿನ ಮೌಸ್ (ಕಂತು ಏಳು: ತೊಳೆಯದ ತಟ್ಟೆ)

“ಒಂದು ನಿಮಿಷ ಉಸಿರು ಬಿಗಿ ಹಿಡ್ಕೊಳ್ಳಿ ಮೇಡಂ. ಈ ಸ್ಕ್ರೂ ಹಾರಿದ್ರೆ ಆಮೇಲೆ ಇಬ್ರೂ ನೆಲದ ಮೇಲೆ ತೆವಳ್ಬೇಕಾಗುತ್ತೆ.”

ಗಡಿಯಾರ ರಿಪೇರಿಯವರು ಬಲಗಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಮಗನ ಮೌಸನ್ನು ಮಗುಚಿ ಹಾಕಿ, ಅದರ ತಳದ ನುಣುಪು ಪಾದವೊಂದನ್ನು ಚಿಮುಟದಿಂದ ಎಬ್ಬಿಸಿದರು. ಪಾದದ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಸ್ಕ್ರೂ ಇತ್ತು. ಅದಕ್ಕೆ ನೋವಾಗಬಾರದು ಎಂಬಂತೆ ಅವರು ಅದನ್ನು ತಿರುಗಿಸಿದರು.

ಮೇಜಿನ ಈಚೆ ಕೂತಿದ್ದ ಪರೀಕ್ಷಕಿ ನಿಜವಾಗಿಯೂ ಉಸಿರು ಬಿಗಿ ಹಿಡಿದಿದ್ದರು. ಕಂಪ್ಯೂಟರ್ ಆಟದ ಪಂದ್ಯಗಳಲ್ಲಿ ಆಟಗಾರರ ಮೌಸು, ಕೀಬೋರ್ಡು ತಪಾಸಣೆ ಮಾಡುವುದು ಆರು ವರ್ಷದಿಂದ ಅವರ ಕೆಲಸ. ಆಟಗಾರರು ಬೆನ್ನ ಹಿಂದೆ ಅವರಿಗಿಟ್ಟ ಹೆಸರೇ ‘ಭೂತಗನ್ನಡಿ’. ಇವತ್ತು ಮಾತ್ರ ಭೂತಗನ್ನಡಿ ಎದುರಿನವರ ಕಣ್ಣಲ್ಲಿತ್ತು.

ಒಂಬತ್ತು ದಿನದ ಹಿಂದೆ, ಫೈನಲ್ ಪಂದ್ಯದ ಬೆಳಿಗ್ಗೆ, ಇದೇ ಮೌಸಿನೊಳಗೆ, ಆಟಗಾರನ ಬದಲು ತಾನೇ ಗುಂಡಿ ಒತ್ತುವ ಕಳ್ಳ ಆಜ್ಞೆ ಇದೆಯೆಂದು ಅವರೇ ವರದಿ ಬರೆದಿದ್ದರು. ‘ಇರುವೆ’ ಎಂದು ಎಲ್ಲರೂ ಕರೆಯುವ ಇಪ್ಪತ್ತೆರಡು ವರ್ಷದ ಆಟಗಾರನಿಗೆ ಅದರಿಂದ ಆಜೀವ ನಿಷೇಧ ಬಿದ್ದಿತ್ತು. ಮೇಲ್ಮನವಿಗೆ ಇವತ್ತು ಸಂಜೆ ಐದು ಗಂಟೆಯೇ ಕೊನೆ.

ಮೌಸನ್ನು ಬಿಚ್ಚಿದ್ದು ರಿಪೇರಿಗೆ, ಮೋಸಕ್ಕಲ್ಲ ಎಂದು ತೋರಿಸಲು ಸಮಿತಿ ಇರುವೆಯ ಅಪ್ಪನಾದ ಈ ರಿಪೇರಿಯವರಿಗೆ ಒಂದು ಗಂಟೆ ಕೊಟ್ಟಿತ್ತು. ಆ ಗಂಟೆಯಲ್ಲಿ ಈಗಾಗಲೇ ಅರ್ಧ ಕಳೆದಿತ್ತು.

“ನೋಡಿ, ಈ ಎಡಗಡೆ ಸ್ವಿಚ್ಚು.” ಅವರು ಮುಚ್ಚಳ ಎತ್ತಿ ಚಿಮುಟದ ತುದಿಯಿಂದ ತೋರಿಸಿದರು. “ಒಂದು ಸಲ ಒತ್ತಿದ್ರೆ ಎರಡು ಸಲ ಒತ್ತಿದ ಹಾಗೆ ಆಗ್ತಿತ್ತು. ಅಪ್ಪಾ, ಇದಕ್ಕೆ ಬಿಕ್ಕಳಿಕೆ ಬಂದಿದೆ ಅಂದ. ಹೊಸದು ತರಿಸಿ ಬೆಸುಗೆ ಹಾಕ್ದೆ. ಅಷ್ಟೇ ಮೇಡಂ ನಾನು ಮಾಡಿದ್ದು.”

ಬೆಸುಗೆ ಅಚ್ಚುಕಟ್ಟಾಗಿತ್ತು. ಕಾರ್ಖಾನೆಯವರು ಹಾಕಿದ್ದಕ್ಕಿಂತ ಚೆನ್ನಾಗಿತ್ತು ಎಂದರೂ ತಪ್ಪಾಗದು. ಆದರೆ ವರದಿಯಲ್ಲಿ ಪರೀಕ್ಷಕಿ ಅದನ್ನು ‘ಹೊರಗಿನವರು ಬಿಚ್ಚಿ ಕೈಯಾಡಿಸಿದ ಗುರುತು’ ಎಂದು ಬರೆದಿದ್ದರು. ಕೈ ಯಾರದು, ಯಾಕೆ ಆಡಿತು ಎಂದು ಒಂದು ಸಾಲೂ ಇರಲಿಲ್ಲ.

“ಇದನ್ನ ತಂದಾಗ ನಾನೇ ಬೈದಿದ್ದೆ,” ಅಪ್ಪ ನಕ್ಕರು. “ಬೆಟ್ಟ ಅಗೆದು ಇಲಿ ಹಿಡಿದ್ಯಲ್ಲೋ, ಒಂದು ವರ್ಷ ದುಡಿದು ಒಂದು ಇಲಿ ತಂದ್ಯಲ್ಲೋ ಅಂತ. ಅವನು ಸುಮ್ನೆ ನನ್ನ ಕೈಯಲ್ಲಿಟ್ಟ. ಒಂದು ಕೋಳಿಮೊಟ್ಟೆಯಷ್ಟು ತೂಕ. ಬಾಲ ಇಲ್ಲ, ತಂತಿ ಇಲ್ಲ. ಮೇಜಿನ ಮೇಲೆ ಸ್ವಲ್ಪ ತಳ್ಳಿದ್ರೆ ಎಣ್ಣೆ ಮೇಲೆ ಜಾರಿದ ಹಾಗೆ ಹೋಗುತ್ತೆ. ಐವತ್ತು ವರ್ಷ ಸಣ್ಣ ಯಂತ್ರ ನೋಡಿದೀನಿ ಮೇಡಂ, ಇಷ್ಟು ಜಾಣತನದಿಂದ ಮಾಡಿದ್ದು ಕಮ್ಮಿ. ಬೈದಿದ್ದಕ್ಕೆ ನಾಚಿಕೆ ಆಯ್ತು.”

ಅವರು ಬಿಡಲಿಲ್ಲ, ಹೇಳುತ್ತಲೇ ಹೋದರು. ಕೈ ತೊಳೆಯದೆ ಇರುವೆ ಅದನ್ನು ಮುಟ್ಟುವವನಲ್ಲ. ಕಂಪ್ಯೂಟರಿಗೆ ಸಿಕ್ಕಿಸುವ, ಉಗುರಿನಷ್ಟಿರುವ ಅದರ ರಿಸೀವರ್ ಕಳೆದುಹೋದೀತೆಂದು ರಾತ್ರಿ ಎರಡನ್ನೂ ಅಮ್ಮ ಹೆಣೆದ ಉಣ್ಣೆ ಚೀಲದಲ್ಲಿ ಮಲಗಿಸುತ್ತಾನೆ. ತಳದ ಪಾದ ಸವೆದರೆ ಹೊಸದು ಅಂಟಿಸುತ್ತಾನೆ, ಹಳೆಯದನ್ನು ಎಸೆಯದೆ ಡಬ್ಬಿಯಲ್ಲಿಡುತ್ತಾನೆ. ಅದರ ಕಂಪನಿಯ ಸಾಫ್ಟ್‌ವೇರನ್ನು ಮಾತ್ರ ಒಮ್ಮೆಯೂ ಹಾಕಿಕೊಂಡಿಲ್ಲ. ತಂದ ದಿನ ಹೇಗಿತ್ತೋ ಹಾಗೇ ಆಡುತ್ತಾನೆ.

“ಜಾಸ್ತಿ ಸೆಟ್ಟಿಂಗು ಮಾಡ್ಕೊಂಡ್ರೆ ಕೈ ಸೋಮಾರಿ ಆಗುತ್ತೆ ಅಂತಾನೆ.” ಅಪ್ಪ ಸ್ಕ್ರೂ ಮತ್ತೆ ಬಿಗಿದರು. ಆಮೇಲೆ, ತಲೆ ಎತ್ತದೆಯೇ, “ನಾನು ಬಿಚ್ಚಬಾರ್ದಾಗಿತ್ತು ಮೇಡಂ. ಅಂಗಡಿಗೆ ಕಳಿಸಿದ್ರೆ ಹದಿನೈದು ದಿನ ಆಗುತ್ತೆ, ಫೈನಲ್ಲು ತಪ್ಪುತ್ತೆ ಅಂತ ಅವಸರ ಮಾಡ್ದೆ. ನನ್ನ ಕೈಯಿಂದ್ಲೇ ಅವನ ಕೈ ಕತ್ತರಿಸಿದ ಹಾಗಾಯ್ತು” ಎಂದರು.

ಪರೀಕ್ಷಕಿ ತಾವು ಬರೆದ ವರದಿಯ ಕಡೆ ನೋಡಿದರು. ಬರೆದದ್ದನ್ನು ಬರೆದಾಗಿತ್ತು.

ಅಪ್ಪ ಪಾದ ಅಂಟಿಸಿ, ತಳದ ಗುಂಡಿ ಜಾರಿಸಿದರು. ಗುಂಡಿಯ ಪಕ್ಕ ಗಸಗಸೆಯಷ್ಟು ದೀಪ ಹೊತ್ತಿತು. ಕಿತ್ತಳೆ ಬಣ್ಣ.

ಅವರು ಭೂತಗನ್ನಡಿ ತೆಗೆದು ಬರಿಗಣ್ಣಿಂದ ನೋಡಿದರು.

“ಇದೇನಿದು? ಇವನದು ನೀಲಿ ಇತ್ತಲ್ಲ.”

* * *

ಮೇಲ್ಮನವಿಯ ಕಚೇರಿಯಲ್ಲಿ ಕೂತಿರಿ, ನಾಲ್ಕಕ್ಕೆ ಬರುತ್ತೇನೆ ಎಂದು ಅಪ್ಪನನ್ನು ಕಳಿಸಿದ ಮೇಲೆ ಪರೀಕ್ಷಕಿ ಬಾಗಿಲು ಹಾಕಿಕೊಂಡರು.

ಅವರ ಕೆಲಸದಲ್ಲಿ ಒಂದು ಕ್ರಮವಿತ್ತು. ಆಟಗಾರರು ಮೌಸನ್ನು ನಂಬರು ಹಾಕಿದ ಚೀಲದಲ್ಲಿ ಕೊಡುತ್ತಾರೆ. ಚೀಲದಿಂದ ತೆಗೆದು, ಗುಂಡಿ ಜಾರಿಸಿ, ತಳದ ಒಂದು ಫೋಟೋ. ಆಮೇಲೆ ಪರೀಕ್ಷೆಯ ಕಂಪ್ಯೂಟರಿಗೆ ಚಾರ್ಜಿನ ತಂತಿಯಿಂದ ಸಿಕ್ಕಿಸಿ, ಒಳಗಿನ ನೆನಪನ್ನು ಓದಿ, ಇನ್ನೊಂದು ಫೋಟೋ. ಎರಡನೆಯದು ಮಾತ್ರ ವರದಿಗೆ ಹೋಗುತ್ತದೆ. ಮೊದಲನೆಯದನ್ನು ಯಾರೂ ತಿರುಗಿ ನೋಡುವುದಿಲ್ಲ.

ಅವರು ಎಂಟನೇ ನಂಬರಿನ ಮೊದಲ ಫೋಟೋ ತೆರೆದರು. ತಳದ ದೀಪ ನೀಲಿ. ಸಮಯ ಒಂಬತ್ತು ಹನ್ನೆರಡು.

ಎರಡನೆಯದರಲ್ಲಿ ಕಿತ್ತಳೆ. ಒಂಬತ್ತು ಹದಿನೆಂಟು.

ಮೂರು ಸಲ ಹಿಂದೆ ಮುಂದೆ ಮಾಡಿ ನೋಡಿದರು. ನೀಲಿ ಎಂದರೆ ಕಾರ್ಖಾನೆಯಿಂದ ಬಂದ ಹಾಗೆಯೇ ಇರುವ ಮೌಸು. ಕಿತ್ತಳೆ ಎಂದರೆ ಯಾರೋ ಸೆಟ್ಟಿಂಗು ತುಂಬಿದ ಮೌಸು. ಆ ಆರು ನಿಮಿಷ ಮೌಸು ಇದ್ದದ್ದು ಈ ಮೇಜಿನ ಮೇಲೆ, ಈ ಬೀಗ ಹಾಕಿದ ಕೋಣೆಯಲ್ಲಿ, ಈ ಎರಡು ಕೈಗಳಲ್ಲಿ.

ಕಳ್ಳ ಆಜ್ಞೆಯನ್ನು ಮೌಸಿಗೆ ತುಂಬಿದವರು ಯಾರೆಂದು ಒಂಬತ್ತು ದಿನದಿಂದ ಊರೆಲ್ಲ ಬೊಬ್ಬೆ ಹೊಡೆದಿತ್ತು. ತುಂಬಿದ ಕೈ ಇಲ್ಲೇ, ಈ ಮೇಜಿನ ಮೇಲೆ ಇತ್ತು.

ಅದು ಹೇಗಾಯಿತೆಂಬುದು ಅವರಿಗೆ ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಗೊತ್ತಿದ್ದದ್ದೇ. ಈ ಕಂಪನಿಯ ಸಾಫ್ಟ್‌ವೇರಿಗೆ ಒಂದು ಕೆಟ್ಟ ಚಾಳಿ. ಒಂದು ಮೌಸು ಸಿಕ್ಕಿಸಿದರೆ ಅದರ ಸೆಟ್ಟಿಂಗನ್ನು ನಕಲು ಮಾಡಿ ಇಟ್ಟುಕೊಳ್ಳುತ್ತದೆ. ಆಮೇಲೆ ಅದೇ ಮಾದರಿಯ ಇನ್ನೊಂದು ಮೌಸು ಸಿಕ್ಕಿಸಿದರೆ, ಕೇಳದೆ ಹೇಳದೆ ಹಳೆಯದನ್ನು ಅದಕ್ಕೆ ಬಡಿಸಿಬಿಡುತ್ತದೆ. ಆದ್ದರಿಂದ ಎರಡು ಮೌಸುಗಳ ನಡುವೆ ಸಾಫ್ಟ್‌ವೇರನ್ನು ಅಳಿಸಿ ಖಾಲಿ ಮಾಡಲೇಬೇಕು.

ಈ ಕೆಲಸ ಕಲಿಸಿದ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು: “ಒಬ್ಬರು ಉಂಡ ತಟ್ಟೆಯಲ್ಲಿ ಇನ್ನೊಬ್ಬರಿಗೆ ಬಡಿಸಬಾರದಮ್ಮಾ. ಪ್ರತಿ ಸಲ ತಟ್ಟೆ ತೊಳಿ.” ಆರು ವರ್ಷ ಅವರು ಪ್ರತಿ ಸಲ ತೊಳೆದಿದ್ದರು. ಗಂಡ ಮನೆಯಲ್ಲಿ ಕಾಫಿ ಲೋಟ ತೊಳೆಯದಿದ್ದರೆ ಜಗಳವಾಡುವವರು, ಕೆಲಸದಲ್ಲಿ ಬಿಟ್ಟಾರೆಯೇ.

ರಿಜಿಸ್ಟರು ತೆಗೆದರು. ಆ ಬೆಳಿಗ್ಗೆಯ ಪುಟ. ಒಂದರಿಂದ ಆರರವರೆಗೆ ಅವರದೇ ಕೈಬರಹ. ಏಳನೇ ನಂಬರಿನ ಮುಂದೆ ‘ಸರಿ ಇದೆ’ ಎಂದು ಬರೆದ ಅಕ್ಷರ ಬೇರೆ. ದುಂಡಗೆ, ಮುತ್ತು ಪೋಣಿಸಿದ ಹಾಗೆ. ಮೇಷ್ಟ್ರ ಅಕ್ಷರ.

ಆಗ ನೆನಪಾಯಿತು. ಗಂಡನ ಫೋನು. ಬಚ್ಚಲಿನ ನಲ್ಲಿ ಮುರಿದು ಮನೆಯೆಲ್ಲ ನೀರು, ನೀರು ನಿಲ್ಲಿಸುವ ವಾಲ್ವು ಎಲ್ಲಿದೆ, ಯಾವ ಕಡೆ ತಿರುಗಿಸಬೇಕು ಎಂದು ಆತನ ಗೋಳು. ಪಂದ್ಯದ ಮುಖ್ಯ ತೀರ್ಪುಗಾರರಾದ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದವರು, “ಹೋಗಮ್ಮಾ, ನಾನು ಕೂತ್ಕೋತೀನಿ” ಎಂದಿದ್ದರು. ಪರೀಕ್ಷಕಿ ಹೊರಗೆ ಹೋಗಿ ಹನ್ನೊಂದು ನಿಮಿಷ ಗಂಡನಿಗೆ ನಲ್ಲಿಯ ಪಾಠ ಹೇಳಿ ವಾಪಸು ಬಂದರು. ಮೇಷ್ಟ್ರು ಎದ್ದರು. ಇವರು ಕೂತರು. ಎಂಟನೆಯದನ್ನು ಚೀಲದಿಂದ ತೆಗೆದರು.

ತಟ್ಟೆ ತೊಳೆದಿದ್ದೀರಾ ಎಂದು ಕೇಳಲಿಲ್ಲ. ತಟ್ಟೆ ತೊಳೆಯಲು ಕಲಿಸಿದವರನ್ನೇ ಹಾಗೆ ಕೇಳುವುದುಂಟೆ. ನಾಲಗೆಯ ತುದಿಗೆ ಬಂದದ್ದನ್ನು ಮರ್ಯಾದೆಗೆ ನುಂಗಿಕೊಂಡಿದ್ದರು. ಆ ಮರ್ಯಾದೆಯ ಬೆಲೆಯನ್ನು ಇರುವೆ ತೆತ್ತಿದ್ದ.

ಏಳನೇ ನಂಬರಿನ, ಇದೇ ಮಾದರಿಯ ಮೌಸು ‘ಜಿರಾಫೆ’ಯದು. ಎದುರು ತಂಡದ, ಎತ್ತರಕ್ಕೆ ಆ ಹೆಸರು ಪಡೆದ ಆಟಗಾರನದು. ಇರುವೆಯನ್ನು ಹೊರಗೆ ಕೂರಿಸಿದ ಮೇಲೆ ಫೈನಲ್ ಗೆದ್ದವನು ಅವನೇ.

ಈಗ ಉಳಿದದ್ದು ಒಂದೇ ಸಾಕ್ಷಿ. ಪ್ರತಿ ಸೆಟ್ಟಿಂಗಿನ ಬಾಲದಲ್ಲಿ ಅದು ಮೊದಲು ಹುಟ್ಟಿದ ಮೌಸಿನ ಕಾರ್ಖಾನೆ ನಂಬರು ಇರುತ್ತದೆ. ಅವತ್ತು ಅದನ್ನು ಅವರು ಓದಿರಲಿಲ್ಲ. ಕಳ್ಳ ಆಜ್ಞೆ ಕಣ್ಣಿಗೆ ಬಿದ್ದ ಮೇಲೆ ಬಾಲ ಯಾರು ನೋಡುತ್ತಾರೆ. ಕಂಪ್ಯೂಟರಿನಲ್ಲಿ ಏನೂ ಉಳಿದಿಲ್ಲ, ಆ ದಿನದಿಂದ ಹತ್ತಾರು ಸಲ ತಟ್ಟೆ ತೊಳೆದಾಗಿತ್ತು. ಆ ನಂಬರು ಇದ್ದರೆ ಇರುವೆಯ ಮೌಸಿನ ಹೊಟ್ಟೆಯಲ್ಲೇ ಇರಬೇಕು.

ಕೈ ತಂತಿಯ ಕಡೆ ಹೋಯಿತು. ಅಷ್ಟರಲ್ಲೇ ಹಿಂದಕ್ಕೆ ಬಂತು. ಇದೇ ಕಂಪ್ಯೂಟರಿಗೆ ಮತ್ತೆ ಸಿಕ್ಕಿಸಿ ಇದ್ದದ್ದನ್ನೂ ಕಳೆದುಕೊಂಡರೆ? ಬಾಯಿ ಸುಟ್ಟ ಬೆಕ್ಕಿನ ಸ್ಥಿತಿ ಅವರದು. ನಿಯಮದ ಪ್ರಕಾರ ಖಾಲಿ ಕಂಪ್ಯೂಟರು ಬೇಕು, ಎರಡು ಸಾಕ್ಷಿ ಬೇಕು. ಎರಡೂ ಸಮಿತಿಯ ಕಚೇರಿಯಲ್ಲಿ ಸಿಗುತ್ತವೆ.

ಮೌಸನ್ನು ಚೀಲಕ್ಕೆ ಹಾಕಿ, ದಾರ ಬಿಗಿದು, ಮೇಷ್ಟ್ರು ಕಲಿಸಿದ ಎರಡು ಸುತ್ತಿನ ಗಂಟು ಹಾಕಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆಗ ನೆಟ್ಟಗೆ ಕಚೇರಿಗೆ ಹೋಗಬೇಕಿತ್ತು.

ಅವರು ಮೇಷ್ಟ್ರಿಗೆ ಫೋನು ಮಾಡಿದರು.

* * *

ಮೇಷ್ಟ್ರು ಎರಡು ಗಂಟೆಗೆ ಬಂದರು. ಆವತ್ತು ಕೂತ ಕುರ್ಚಿಯಲ್ಲೇ ಕೂತರು. ಅರವತ್ತೆಂಟು ವರ್ಷ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

“ಏನಮ್ಮಾ, ಮುಖ ಯಾಕೆ ಹೀಗಿದೆ? ಊಟ ಮಾಡಿದ್ಯಾ?”

“ಮೇಷ್ಟ್ರೇ, ನಾನು ಇರುವೆಗೆ ಅನ್ಯಾಯ ಮಾಡಿದೀನಿ.”

ಪರೀಕ್ಷಕಿ ಕಂಪ್ಯೂಟರಿನ ಪರದೆ ಅವರ ಕಡೆ ತಿರುಗಿಸಿದರು. ಎರಡು ಫೋಟೋ ಅಕ್ಕಪಕ್ಕ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ ನೋಡಿದರು.

“ನೀಲಿ. ಆಮೇಲೆ ಕಿತ್ತಳೆ,” ಎಂದರು. “ಒಂಬತ್ತು ಹನ್ನೆರಡು, ಒಂಬತ್ತು ಹದಿನೆಂಟು. ಆರು ನಿಮಿಷ.”

“ಆ ಆರು ನಿಮಿಷ ನನ್ನ ಕೈಯಲ್ಲೇ ಇತ್ತು. ಕಂಪ್ಯೂಟರಲ್ಲಿ ಏಳನೇ ನಂಬರಿನ ಸೆಟ್ಟಿಂಗು ಉಳಿದಿತ್ತು. ಅದು ಇರುವೆ ಮೌಸಿಗೆ ಹೋಯ್ತು.” ಪರೀಕ್ಷಕಿ ರಿಜಿಸ್ಟರನ್ನು ಅವರ ಮುಂದೆ ತಳ್ಳಿದರು. “ಆವತ್ತು ಏಳನೇದು ಆದ್ಮೇಲೆ ತಟ್ಟೆ ತೊಳೆದ್ರಾ ಮೇಷ್ಟ್ರೇ?”

ಆವತ್ತು ಕೇಳದ ಪ್ರಶ್ನೆ ಒಂಬತ್ತು ದಿನ ತಡವಾಗಿ ಹೊರಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮೇಷ್ಟ್ರು ಕನ್ನಡಕದ ಇನ್ನೊಂದು ಗಾಜು ಒರೆಸಿದರು.

“ಇಲ್ಲ ಮಗೂ. ಮರೆತೆ.”

“ಏಳನೇದಕ್ಕೆ ‘ಸರಿ ಇದೆ’ ಅಂತ ಬರೆದಿದೀರಿ. ಅದರಲ್ಲೇ ಇತ್ತಲ್ಲ ಮೇಷ್ಟ್ರೇ ಕಳ್ಳ ಆಜ್ಞೆ. ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ?”

“ಕಣ್ಣು ಎಲ್ಲಿದೆಯಮ್ಮಾ ನನಗೆ? ಕನ್ನಡಕ ಹಾಕಿದ್ರೂ ಅಕ್ಷರ ಅಲೆಯುತ್ತೆ. ಹೇಳಿಕೊಳ್ಳೋಕೆ ನಾಚಿಕೆ. ಈ ಪಂದ್ಯ ಮುಗಿಸಿ ಬಿಟ್ಟುಬಿಡೋಣ ಅಂತಿದ್ದೆ.” ಅವರ ಧ್ವನಿ ಸಣ್ಣದಾಯಿತು. “ಒಂದು ಪಂದ್ಯ ಮೊದಲೇ ಬಿಡಬೇಕಿತ್ತು.”

ಪರೀಕ್ಷಕಿಗೆ ಕಣ್ಣು ತುಂಬಿ ಬಂತು. ಇವರು ಕೈ ಹಿಡಿದು ಕಲಿಸದಿದ್ದರೆ ತಾನು ಯಾವ ಅಂಗಡಿಯಲ್ಲಿ ಪ್ರಿಂಟರ್ ರಿಪೇರಿ ಮಾಡುತ್ತಿದ್ದೆನೋ ಎಂದು ಅವರು ಎಷ್ಟೋ ಸಲ ಅಂದುಕೊಂಡದ್ದುಂಟು. ಆ ಕೈ ಈಗ ಮೇಜಿನ ಅಂಚು ಹಿಡಿದುಕೊಂಡಿತ್ತು.

“ನಾನು ಸಮಿತಿಗೆ ಹೇಳ್ಲೇಬೇಕು ಮೇಷ್ಟ್ರೇ. ತಪ್ಪು ನನ್ನದು ಅಂತಾನೇ ಹೇಳ್ತೀನಿ. ವರದಿ ನನ್ನದು, ಸಹಿ ನನ್ನದು.”

“ಬೇಡ. ನೀನು ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ. ನಾನು ಹೇಳಿದ್ರೆ ಮುದುಕ ಮರೆತ ಅಂತ ಬಿಡ್ತಾರೆ.” ಅವರು ಕನ್ನಡಕ ಹಾಕಿಕೊಂಡರು. “ಈ ಫೋಟೋ ಬೇರೆ ಯಾರಾದ್ರೂ ನೋಡಿದಾರಾ?”

“ಇಲ್ಲ. ನಿಮಗೇ ಮೊದಲು.”

“ಮೌಸು?”

“ಕಪಾಟಲ್ಲಿದೆ. ಬಾಲದ ನಂಬರು ಇನ್ನೂ ಓದಿಲ್ಲ. ಕಚೇರಿಯಲ್ಲಿ ಎಲ್ಲರ ಮುಂದೆ ಓದೋಣ ಅಂತ.”

“ಒಳ್ಳೇದು. ಹಾಗೇ ಇರ್ಲಿ, ಮುಟ್ಟಬೇಡ. ನನಗೆ ಒಂದು ಗಂಟೆ ಕೊಡಮ್ಮಾ. ನನ್ನ ತಪ್ಪು ನನ್ನ ಬಾಯಿಂದಲೇ ಬರ್ಲಿ. ನೀನು ಹೋಗಿ ಏನಾದ್ರೂ ತಿಂದು ಬಾ. ಮುಖ ನೋಡೋಕಾಗ್ತಿಲ್ಲ.”

ಅವರು ಎದ್ದು, ಎಂದಿನಂತೆ ಪರೀಕ್ಷಕಿಯ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೊರಟರು.

ಒಂದು ಗಂಟೆ ಕೇಳಿದ್ದರು. ಇವರು ಎರಡು ಗಂಟೆ ಕೊಟ್ಟರು. ಕೋಣೆಗೆ ಬೀಗ ಹಾಕಿ, ಬೀದಿಯ ಕೊನೆಯ ಹೋಟೆಲಿನಲ್ಲಿ ತಟ್ಟೆಯ ಮುಂದೆ ಕೂತು, ಒಂದು ತುತ್ತೂ ಇಳಿಯದೆ, ಗೋಡೆಯ ಗಡಿಯಾರ ನೋಡುತ್ತಾ. ಗುರುವಿಗೆ ಅವಸರ ಮಾಡುವುದು ಬೇಡವೆಂದು.

* * *

ನಾಲ್ಕು ಗಂಟೆಗೆ ಅವರು ಮೂರನೇ ಮಹಡಿಯ ಕಚೇರಿಗೆ ಹೋದಾಗ ಗಡಿಯಾರ ರಿಪೇರಿಯವರು ಬೆಂಚಿನ ಮೇಲೆ ಉಣ್ಣೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಪ್ಪು ಉಣ್ಣೆ, ಬಾಯಿಗೆ ಕೆಂಪು ದಾರ. ಮೌಸು ವಾಪಸು ಸಿಕ್ಕೀತೆಂದು ಮನೆಗೆ ಹೋಗಿ ತಂದಿದ್ದರು.

“ಮೇಲ್ಮನವಿ ಅರ್ಜಿಗೆ ನನ್ನ ಹೇಳಿಕೆ ಸೇರಿಸ್ಬೇಕು,” ಎಂದರು ಪರೀಕ್ಷಕಿ, ಗುಮಾಸ್ತೆಗೆ. “ಮೇಷ್ಟ್ರು ಆಗ್ಲೇ ಬಂದು ಹೇಳಿರಬೇಕು.”

ಗುಮಾಸ್ತೆ ಮೊಹರು ಒತ್ತುವುದನ್ನು ನಿಲ್ಲಿಸಿದಳು. “ಮೇಷ್ಟ್ರು ಬಂದಿದ್ರು. ಆದ್ರೆ ಮೇಡಂ, ಮೇಲ್ಮನವಿ ಎಲ್ಲಿದೆ ಈಗ? ಆಟಗಾರನೇ ತಪ್ಪೊಪ್ಪಿಕೊಂಡು ಬರೆದುಕೊಟ್ಟಿದಾನಲ್ಲ. ಮೂರೂಕಾಲಿಗೆ. ಐದಕ್ಕೆ ಸಮಿತಿ ಕೂತು ನಿಷೇಧ ಖಾಯಂ ಮಾಡುತ್ತೆ.”

ಬೆಂಚಿನಿಂದ ಅಪ್ಪ ಎದ್ದು ಬಂದರು. “ಯಾರು ಬರೆದುಕೊಟ್ಟಿದ್ದು?”

“ನಿಮ್ಮ ಮಗಾನೇ ಸರ್. ಹಿಂದಿನ ಬಾಗಿಲಿಂದ ಒಳಗೆ ಹೋದ್ರು. ನೀವು ಮನೆಗೆ ಹೋಗಿದ್ರೇನೋ.”

ಎರಡು ಪುಟದ ಪತ್ರ. ಟೈಪು ಮಾಡಿದ್ದು. ಕೆಳಗೆ ಇರುವೆಯ ಪುಟ್ಟ ಸಹಿ. ಪರೀಕ್ಷಕಿ ನಿಂತಲ್ಲೇ ಓದಿದರು.

‘ಕಳ್ಳ ಆಜ್ಞೆಯನ್ನು ಮೌಸಿಗೆ ತುಂಬಿದವನು ನಾನೇ. ಪರೀಕ್ಷಕರನ್ನು ದಾರಿ ತಪ್ಪಿಸಲು, ಚೀಲದಿಂದ ತೆಗೆದಾಗ ದೀಪ ನೀಲಿಯಾಗಿದ್ದು ಆರು ನಿಮಿಷದ ನಂತರ ಕಿತ್ತಳೆಯಾಗುವಂತೆ ಹೊಂದಿಸಿದ್ದೆ.’

ಆರು ನಿಮಿಷ.

ಅವರು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಿಂತರು. ಆರು ನಿಮಿಷವೆಂದು ಇರುವೆಗೆ ಗೊತ್ತಿಲ್ಲ. ಅವನ ಅಪ್ಪನಿಗೆ ಗೊತ್ತಿಲ್ಲ. ಮೊದಲ ಫೋಟೋ ತೆಗೆದದ್ದೇ ಯಾರಿಗೂ ಗೊತ್ತಿಲ್ಲ. ಈ ಲೋಕದಲ್ಲಿ ಅದನ್ನು ನೋಡಿದವರು ಇಬ್ಬರು. ಆ ಇನ್ನೊಬ್ಬರು, ಅಕ್ಷರ ಅಲೆಯುತ್ತದೆ ಎಂದವರು, ಪರದೆಯ ಮೂಲೆಯಲ್ಲಿದ್ದ ಇರುವೆಗಾಲಿನಷ್ಟು ಸಣ್ಣ ಅಂಕಿಗಳನ್ನು ಓದಿದ್ದರು. ಕನ್ನಡಕ ಕೈಯಲ್ಲಿ ಹಿಡಿದು, ಒರೆಸುತ್ತಾ.

ಕಣ್ಣೆದುರೇ ಓದಿದ್ದರು. ಭೂತಗನ್ನಡಿ ಎಂದು ಹೆಸರು ಪಡೆದವರಿಗೆ ಅದು ಕಾಣಿಸಿರಲಿಲ್ಲ.

“ಅವನು ಒಬ್ಬನೇ ಬಂದಿದ್ನಾ?” ಎಂದರು.

“ಇಲ್ಲ ಮೇಡಂ. ಮೇಷ್ಟ್ರೇ ಕರ್ಕೊಂಡು ಬಂದ್ರು. ಹೆಗಲ ಮೇಲೆ ಕೈ ಹಾಕ್ಕೊಂಡು. ಪಾಪ, ಹುಡುಗ ತಲೆನೇ ಎತ್ತಲಿಲ್ಲ.”

ಅಪ್ಪ ಎರಡನೇ ಪುಟ ಹಿಡಿದಿದ್ದರು. ಅದರಲ್ಲಿ ಎರಡೇ ಸಾಲು. ಅವರು ಅದನ್ನು ಮೆಲ್ಲಗೆ, ಲೆನ್ಸಿಲ್ಲದೆ ತಡಕಾಡುತ್ತಾ ಓದಿದರು. “‘ಮೌಸನ್ನು ಬಿಚ್ಚಿದ್ದೂ ನಾನೇ. ನನ್ನ ತಂದೆಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ, ಅವರ ಮೇಲೆ ಕ್ರಮ ಬೇಡ.’”

ಅವರು ಪತ್ರ ಕೆಳಗಿಟ್ಟರು.

“ಅವನಿಗೆ ಸ್ಕ್ರೂಡ್ರೈವರ್ ಹಿಡಿಯೋಕೇ ಬರಲ್ಲ ಮೇಡಂ. ಚಿಕ್ಕವನಿದ್ದಾಗಿಂದ ಹೇಳಿಕೊಟ್ಟು ಸೋತೆ. ಯಾರೋ ನನ್ನ ಹೆಸರು ಹೇಳಿ ಹೆದರಿಸಿದಾರೆ.” ಸ್ವಲ್ಪ ತಡೆದು, “ಅವನೇನಾದ್ರೂ ಮಾಡಿದಾನಾ? ನೀವು ಹೇಳಿ. ನೀವು ಹೇಳಿದ್ರೆ ನಂಬ್ತೀನಿ” ಎಂದರು.

ಈ ಮಾತನ್ನು ಹೇಳುವುದಕ್ಕೆ ಬೆಳಿಗ್ಗೆಯಿಂದ ಎಷ್ಟು ಅವಕಾಶಗಳಿದ್ದವು ಎಂದು ಪರೀಕ್ಷಕಿಗೆ ಒಂದೊಂದಾಗಿ ನೆನಪಾಯಿತು.

“ಅವನು ಮಾಡಿಲ್ಲ. ನೀವೂ ಮಾಡಿಲ್ಲ. ನಿಮ್ಮ ರಿಪೇರಿಯಲ್ಲಿ ಏನೂ ತಪ್ಪಿಲ್ಲ. ತಪ್ಪು ನನ್ನ ಮೇಜಿನ ಮೇಲೆ ಆಗಿದ್ದು. ನನ್ನ ಕೈಯಿಂದ.”

ಅಪ್ಪ ಕೋಪಗೊಳ್ಳುತ್ತಾರೆ ಎಂದು ಅವರು ಕಾದರು. ಕೋಪಗೊಂಡಿದ್ದರೆ ಎಷ್ಟೋ ವಾಸಿಯಿತ್ತು.

“ಇದು ನಿಮಗೆ ಯಾವಾಗ ಗೊತ್ತಾಯ್ತು ತಾಯಿ?”

“ಬೆಳಿಗ್ಗೆ. ನೀವು ಹೋದ ತಕ್ಷಣ.”

ಅವರು ತಲೆಯಾಡಿಸಿದರು. ಕೆಟ್ಟ ಗಡಿಯಾರ ತಂದವರು ಅದು ಯಾವಾಗ ನಿಂತಿತು ಎಂದು ಹೇಳಿದಾಗ ಆಡಿಸುವ ಹಾಗೆ. “ಅವನು ಸಹಿ ಹಾಕಿದ್ದು ಮೂರೂಕಾಲಿಗೆ,” ಎಂದರು, ಅಷ್ಟೇ.

ಪರೀಕ್ಷಕಿ ಗುಮಾಸ್ತೆಯ ಕಡೆ ತಿರುಗಿದರು. “ಖಾಲಿ ಕಂಪ್ಯೂಟರ್ ರೆಡಿ ಇಡಿ. ಇಬ್ರು ಸಾಕ್ಷಿ ಬೇಕು. ನನ್ನ ಫೋಟೋಗಳಿಗೆ ಈ ಪತ್ರದಲ್ಲೇ ಸುಳ್ಳು ಉತ್ತರ ಬರೆದಿದಾರೆ. ಆ ಮೌಸಲ್ಲಿರೋ ಸೆಟ್ಟಿಂಗು ಬೇರೆಯವರ ಮೌಸಲ್ಲಿ ಹುಟ್ಟಿದ್ದು ಅಂತ ಅದರ ಬಾಲದಲ್ಲೇ ಬರೆದಿದೆ. ಅದೊಂದನ್ನ ಸಮಿತಿ ಓದಿದ್ರೆ ಈ ಪತ್ರ ಸುಳ್ಳು ಅಂತ ಗೊತ್ತಾಗುತ್ತೆ. ಐದರೊಳಗೆ ತರ್ತೀನಿ.”

“ಅದಿದ್ರೆ ಅಧ್ಯಕ್ಷರನ್ನ ನಾನೇ ಕೂರಿಸ್ತೀನಿ ಮೇಡಂ,” ಎಂದಳು ಗುಮಾಸ್ತೆ. “ಅದಿಲ್ದೆ ಬರೀ ಬಾಯಿಮಾತು ಅಂದ್ರೆ ಕಷ್ಟ. ಸಹಿ ಆಗಿಹೋಗಿದೆ.”

* * *

ಲಿಫ್ಟಿಗೆ ಕಾಯಲಿಲ್ಲ. ಮೆಟ್ಟಿಲಿಳಿಯುವಾಗ ಅಪ್ಪ ಮಗನಿಗೆ ಫೋನು ಮಾಡಿದರು. ರಿಂಗಾಗಿ ಆಗಿ ನಿಂತಿತು. ಮತ್ತೆ ಮಾಡಿದರು.

“ಎತ್ತುತ್ತಿಲ್ಲ. ಮುಖ ತೋರಿಸೋಕೆ ನಾಚಿಕೆ ಅವನಿಗೆ,” ಎಂದರು. “ಮೌಸು ಕೈಗೆ ಕೊಟ್ಟು ಹೇಳಿದ್ರೆ ಸರಿಹೋಗ್ತಾನೆ.”

ಕೋಣೆಯ ಬೀಗ ಹಾಕಿದಂತೆಯೇ ಇತ್ತು. ಪರೀಕ್ಷಕಿಗೆ ಅರ್ಧ ಜೀವ ಬಂತು. ಕಪಾಟಿನ ಬೀಗವೂ ಹಾಗೆಯೇ ಇತ್ತು. ಎಂಟನೇ ನಂಬರಿನ ಚೀಲ ಇಟ್ಟ ಜಾಗದಲ್ಲೇ ಇತ್ತು. ಗಂಟನ್ನು ಬೆಳಕಿಗೆ ಹಿಡಿದು ನೋಡಿದರು. ಎರಡು ಸುತ್ತು, ಒಳಗಂಟು, ತುದಿ ಎಡಕ್ಕೆ. ಅವರೇ ಹಾಕಿದ ಗಂಟು.

ಬಿಚ್ಚುವಾಗ ಬೆರಳು ತಾನೇ ತಾನಾಗಿ ನಿಧಾನವಾಯಿತು. ಈ ಗಂಟು ತನಗೆ ಕಲಿಸಿದವರು ಯಾರು? ಈ ಕೋಣೆಯ ಮತ್ತು ಈ ಕಪಾಟಿನ ಎರಡನೇ ಕೀಲಿಗಳು, ನಿಯಮದಂತೆ, ಯಾರ ಜೇಬಿನಲ್ಲಿರುತ್ತವೆ? ಏನಾದರೂ ತಿಂದು ಬಾ ಎಂದು ತನ್ನನ್ನು ಹೊರಗೆ ಕಳಿಸಿದವರು ಯಾರು?

“ಕೊಡಿ ತಾಯಿ, ನಾನು ತೆಗೀತೀನಿ.” ಅಪ್ಪ ಚೀಲ ತೆಗೆದುಕೊಂಡು, ಮೌಸನ್ನು ಅಂಗೈಯಲ್ಲಿ ಮಗುಚಿ, ತಳದ ಗುಂಡಿ ಜಾರಿಸಿದರು.

ಗಸಗಸೆಯಷ್ಟು ದೀಪ ಹೊತ್ತಿತು.

ನೀಲಿ.

ಬೆಳಿಗ್ಗೆ ಫೋಟೋದಲ್ಲಿ ಇರುವೆಯ ಪರವಾಗಿದ್ದ ಬಣ್ಣವೇ ಈಗ ಸಾಕ್ಷಿಯನ್ನು ನುಂಗಿತ್ತು. ಕಳ್ಳ ಆಜ್ಞೆ ಇಲ್ಲ. ಬಾಲವಿಲ್ಲ, ಬಾಲದ ನಂಬರಿಲ್ಲ. ಕಾರ್ಖಾನೆಯಿಂದ ಆಗಷ್ಟೇ ಬಂದಂತೆ, ಹೊಟ್ಟೆ ಖಾಲಿ. ಯಾರೋ ಕೊನೆಗೂ ತಟ್ಟೆ ತೊಳೆದಿದ್ದರು.

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಇಪ್ಪತ್ತು ನಿಮಿಷವಿತ್ತು.

“ನೋಡಿ, ನೋಡಿ,” ಗಡಿಯಾರ ರಿಪೇರಿಯವರ ಮುಖ ಅರಳಿತ್ತು. ಅವರು ಮೌಸನ್ನು ಅಂಗಿಯ ತೋಳಿನಿಂದ ಒರೆಸಿ, ಜೋಪಾನವಾಗಿ ಉಣ್ಣೆ ಚೀಲದೊಳಗೆ ಇಳಿಸಿ, ಕೆಂಪು ದಾರ ಎಳೆದರು. “ನಾನು ಹೇಳ್ಲಿಲ್ವಾ ತಾಯಿ, ನಮ್ಮ ಹುಡುಗನದು ನೀಲಿ ಅಂತ? ಎಲ್ಲಾ ಮೊದಲಿನ ಹಾಗೆ ಆಗಿದೆ. ನಡೀರಿ, ಅವರಿಗೆ ತೋರಿಸೋಣ.”